ದಲ್ಲಾಳಿ ಮಗ ಫೋನು ಕೊಂಡದ್ದು

ಹೂಂ ಅನ್ನೋರಿದ್ದರೆ ಅದು ಕತೆ, ಇಲ್ಲದಿದ್ದರೆ ಬರೀ ದಾರಿ. ಹೂಂಗುಟ್ಟೋರು ಸಿಗದೆ ನಾನೇ ಹೇಳಿಕೊಂಡು ನಾನೇ ಹೂಂಗುಟ್ಟಿಕೊಂಡು ನಡೆದ ದಾರಿ ಎಷ್ಟೋ ಇವೆ. ಇವತ್ತು ನೀವಿದ್ದೀರಿ. ಹೂಂ ಅನ್ನಿ.

ಒಂದೂರಲ್ಲಿ ಕೆಂಪಾಜಮ್ಮ ಅಂತ ಒಬ್ಬಳು. ಅವಳಿಗೆ ಮುದ್ದ ಅಂತ ಒಬ್ಬ ಮಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಮ್ಮಿಯಿಲ್ಲ. ಹಾಲು ಉಕ್ಕುತ್ತಾ ನೋಡ್ತಿರು ಅಂದರೆ ಉಕ್ಕುವ ತನಕ ನೋಡುವನು, ಉಕ್ಕಿದ ಮೇಲೂ ನೋಡುವನು, ಒಲೆ ಆರಿದ ಮೇಲೂ ನೋಡುವನು.

ಅವನಪ್ಪ ಪುಟ್ಟಮಾದಪ್ಪ ದನದ ದಲ್ಲಾಳಿ. ಅವನಿದ್ದಾಗ ಅಂಗಳದ ತುಂಬ ಎತ್ತು, ಜಗಲಿಯ ತುಂಬ ಜನ. ಅವನು ಹೋದ. ಎತ್ತೂ ಹೋದವು, ಜನವೂ ಹೋದರು. ಮಗಳು ಮಂಗಳಿ, ಬೋರ್‌ವೆಲ್ ಲಾರಿ ಓಡಿಸುವ ಗಂಡನ ಹಿಂದೆ ರಾಯಪುರಕ್ಕೆ ಹೋದಳು. ರೈಲಲ್ಲಿ ಎರಡು ದಿನದ ದಾರಿ. ಬಸುರಿ ಆದದ್ದೂ ಅಲ್ಲೇ, ಹೆತ್ತದ್ದೂ ಅಲ್ಲೇ. ಇಲ್ಲಿ ಉಳಿದವರು ಇಬ್ಬರು. ಬೈಯುವ ತಾಯಿ, ಬೈಸಿಕೊಳ್ಳುವ ಮಗ. ಬೈಗುಳ ಒಂದಿಲ್ಲದಿದ್ದರೆ ಆ ಮನೆಯಲ್ಲಿ ಮಾತೇ ಇರುತ್ತಿರಲಿಲ್ಲ.

ರಬ್ಬರ್ ಬ್ಯಾಂಡ್ ಸುತ್ತಿದ ಒಂದು ಗುಂಡಿ ಫೋನಿತ್ತು. ಭಾನುವಾರ ಭಾನುವಾರ ಮಂಗಳಿ ಮಾಡುವಳು. ಆ ಕಡೆ ಮಗು ಅತ್ತರೆ ಕೆಂಪಾಜಮ್ಮ ಫೋನನ್ನು ಕಿವಿಯಿಂದ ತೆಗೆದು ಕಣ್ಣಮುಂದೆ ಹಿಡಿದುಕೊಳ್ಳುವಳು. ಏನು ಕಂಡೀತು? ಒಂದಿಷ್ಟು ಹಸಿರು ಬೆಳಕು. ಮತ್ತೆ ಕಿವಿಗಿಡುವಳು.

ಮಗುವಿಗೆ ಒಂಬತ್ತು ತಿಂಗಳು ತುಂಬಿತು. ಆ ಭಾನುವಾರ ಮಂಗಳಿ ಅಂದಳು: "ಅವ್ವಾ, ಈ ಶುಕ್ರವಾರ ಬಿಟ್ಟು ಬರೋ ಶುಕ್ರವಾರ ಮಗೀಗೆ ಕಿವಿ ಚುಚ್ಚುಸ್ತೀವಿ. ಸೋದರಮಾವನ ತೊಡೆ ಮ್ಯಾಲೆ ಕೂರ್ಸಿ ಚುಚ್ಚಬೇಕಲ್ವಾ? ನೀವು ಬರಕಾಗಲ್ಲ, ನಾವು ಬರಕಾಗಲ್ಲ. ಮುಖ ಕಾಣೋ ಫೋನು ತಗೊಳ್ಳಿ. ಮುದ್ದ ಅದ್ನ ತೊಡೆ ಮ್ಯಾಲೆ ಇಟ್ಕೊಂಡು ಕೂತ್ಕೊಳ್ಳಲಿ, ಶಾಸ್ತ್ರ ಆಯ್ತದೆ. ನೀನೂ ಮಗೀನ ನೋಡ್ದಂಗಾಯ್ತದೆ."

ನೋಡ್ದಂಗಾಯ್ತದೆ! ಕೆಂಪಾಜಮ್ಮನಿಗೆ ಆ ಒಂದು ಮಾತೇ ಕಿವಿಯಲ್ಲಿ ಉಳಿಯಿತು. ಆದರೆ ಪೇಟೆಗೆ ಮೂರು ಮೈಲಿ, ಅವಳಿಗೆ ಮಂಡಿ ನೋವು. ಹೋಗುವವನು ಯಾರು? ಮುದ್ದ.

"ಲೋ ಮುದ್ದಾ, ಪೇಟೇಲಿ ಎದುರುಬದುರು ಎರಡು ಫೋನಂಗಡಿ ಅವಂತೆ. ಎರಡೂ ಕಡೆ ಹೋಗು. ಫೋನ ಚೆನ್ನಾಗಿ ನೋಡ್ಕೊಂಡು ಬಾ."

"ಆಯ್ತು ಕಣವ್ವ, ಹಂಗೇ ಮಾಡ್ತೀನಿ."

ಕಾಲುವೆ ಏರಿ ಹತ್ತಿದ, ಏರಿ ಇಳಿದ, ಪೇಟೆ ಸೇರಿದ. ಈ ಕಡೆ ಅಂಗಡಿ ನಂಜುಂಡೀದು. ಗಾಜಿನೊಳಗೆ ಕರೀ ಫೋನು. ಆ ಕಡೆ ಅಂಗಡಿ ಶಾಕಿರಾಂದು. ಗಾಜಿನೊಳಗೆ ನೀಲಿ ಫೋನು.

"ಬಾರಯ್ಯಾ! ಕರೀದು ತಗೋ! ಇದರ ಕ್ಯಾಮೆರಾ ಅಂದ್ರೆ ಮಗು ರೆಪ್ಪೆ ಕೂದಲು ಎಣಿಸಬೋದು!" ಅಂತ ನಂಜುಂಡಿ ಕೂಗಿದ.

"ಎಣಿಸೋದ್ರೊಳಗೆ ಅದರ ಬ್ಯಾಟರಿ ಸತ್ತಿರ್ತದೆ! ನಂದು ನೀಲೀದು ತಗೋ, ಎರಡು ದಿನ ಉಸಿರು ಹಿಡೀತದೆ!" ಅಂತ ಶಾಕಿರಾ ಕೂಗಿದಳು.

ಮುದ್ದ ರಸ್ತೆ ನಡುವೆ ನಿಂತ. ಕರೀದನ್ನು ನೋಡಿದ, ತಿರುಗಿದ, ನೀಲೀದನ್ನು ನೋಡಿದ. ತಿರುಗಿದ, ನೋಡಿದ. ಲಾರಿಯವರು ಬೈದರು, ನೋಡಿದ. ಆಟೋದವರು ಬೈದರು, ನೋಡಿದ. ಹೊತ್ತು ಇಳಿಯಿತು, ಮನೆಗೆ ಬಂದ.

"ಯಾವ್ದ್ಲಾ ಚೆಂದಾಗದೆ?"

"ನೋಡ್ದೆ ಕಣವ್ವ."

"ನೋಡಿ ಏನ್ ಕೇಳ್ದೆ?"

"ಕೇಳು ಅಂತ ನೀ ಹೇಳ್ಲಿಲ್ವಲ್ಲ?"

ಕೆಂಪಾಜಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ನಿಮ್ಮಪ್ಪ ದನ ಕೊಳ್ಳುವಾಗ ದೂರದಿಂದ ನೋಡಿ ಬಂದ್ಬುಡೋನಾ? ಬಾಯಿ ಬಿಡ್ಸಿ ಹಲ್ಲು ನೋಡೋನು! ಬೆನ್ನು ತಟ್ಟೋನು! ನಾಕೆಜ್ಜೆ ನಡ್ಸಿ ನೋಡೋನು! ಹಂಗೆ ಕೊಳ್ಳೋದು ಕಣ್ಲಾ!"

"ಆಯ್ತು ಕಣವ್ವ, ಹಂಗೇ ಮಾಡ್ತೀನಿ."

ಏರಿ ಹತ್ತಿದ, ಏರಿ ಇಳಿದ, ಪೇಟೆ ಸೇರಿದ. ನಂಜುಂಡಿ ಅಂಗಡಿಯಲ್ಲಿ ಕರೀದನ್ನು ಕೈಗೆ ತಗೊಂಡ. ಮೇಲೆ ಕೆಳಗೆ ತಿರುಗಿಸಿದ. ತಳದಲ್ಲಿ ಒಂದು ಸಣ್ಣ ತೂತು ಇತ್ತು. ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದ.

"ಅಣ್ಣಾ, ಇದಕ್ಕೆ ಹಲ್ಲೇ ಇಲ್ಲ!"

"ಏನು?"

"ಹಲ್ಲು ಬಿದ್ದೋಗವೆ. ವಯಸ್ಸಾಗದೆ."

"ಅದು ಚಾರ್ಜರ್ ಹಾಕೋ ಜಾಗ ಕಣಯ್ಯಾ! ಮೊನ್ನೆ ಬಂದಿರೋ ಮಾಲು!"

ಮುದ್ದ ಬೆನ್ನು ತಟ್ಟಿದ, ಮತ್ತೊಮ್ಮೆ ತಟ್ಟಿದ. "ಹೋಗ್ಲಿ, ನಾಕೆಜ್ಜೆ ನಡ್ಸಿ ತೋರ್ಸಣ್ಣ."

ನಂಜುಂಡಿಗೆ ಬೆಳಗಿನಿಂದ ಬೋಣಿ ಆಗಿರಲಿಲ್ಲ, ತಮಾಷೆ ಹತ್ತಿತು. ಫೋನನ್ನು ನಡುಗುವ ಹಾಗೆ ಮಾಡಿ ಗಾಜಿನ ಮೇಲಿಟ್ಟ, ಇನ್ನೊಂದರಿಂದ ಕರೆ ಮಾಡಿದ. ಝ್‌ರ್... ಝ್‌ರ್... ಅಂತ ಫೋನು ಒಂದಂಗುಲ ಸರಿಯಿತು, ಇನ್ನೊಂದಂಗುಲ ಸರಿಯಿತು.

"ನಡೀತದೆ! ನಡೀತದೆ!" ಅಂತ ಮುದ್ದ ಕುಣಿದ. ಓಡಿಹೋಗಿ ಶಾಕಿರಾಗೂ ಹೇಳಿದ. ಅವಳು ಬಿಟ್ಟಾಳೆಯೇ? ನೀಲೀದನ್ನೂ ನಡೆಸಿದಳು. ಅದು ಗಾಜಿನ ಅಂಚಿನ ತನಕ ನಡೆಯಿತು, ಅಂಚನ್ನೂ ದಾಟಿತು, ಅವಳ ಮಡಿಲಿಗೆ ಬಿತ್ತು.

"ಹಿಡ್ಕೋಬಾರ್ದೇನೋ, ಎದುರಿಗೇ ನಿಂತಿದ್ದೀಯ!"

"ನಡಿಯೋದ ನೋಡ್ಬೇಕು ಅಂದವ್ಳೆ ನಮ್ಮವ್ವ. ತಡಿಬೇಕು ಅಂದಿಲ್ಲ ಕಣಕ್ಕ."

ಮನೆಗೆ ಬಂದು ಹೇಳಿದ: "ಎರಡಕ್ಕೂ ಹಲ್ಲಿಲ್ಲ ಕಣವ್ವ. ಎರಡೂ ನಡೀತವೆ. ನೀಲೀದು ಬಿರುಸು."

"ಥೂ ನಿನ್ನ! ಫೋನಿರೋದು ನೇಗಿಲು ಕಟ್ಟಕಾ? ಮಾತಾಡಕೆ ಕಣ್ಲಾ! ಕೈಯಲ್ಲಿ ಹಿಡ್ಕೊಂಡು ನಾಕು ಮಾತಾಡ್ಸಿ ನೋಡೋದಲ್ವಾ? ಯಾವ್ದು ಚೆಂದಾಗಿ ಮಾತಾಡ್ತದೋ ಅದು ಒಳ್ಳೇದು!"

"ಆಯ್ತು ಕಣವ್ವ, ಹಂಗೇ ಮಾಡ್ತೀನಿ."

ಏರಿ ಹತ್ತಿದ, ಏರಿ ಇಳಿದ. ಮೊದಲು ಶಾಕಿರಾ ಅಂಗಡಿ. ನೀಲೀದನ್ನು ಮುಖದ ಮುಂದೆ ಹಿಡಿದು ಕೇಳಿದ: "ಚೆಂದಾಗಿದ್ದೀಯಾ? ಊಟ ಆಯ್ತಾ? ಎಷ್ಟು ದಿನ ಆಯ್ತು ಈ ಊರಿಗೆ ಬಂದು?" ನೀಲೀದು ಉತ್ತರ ಕೊಡಲಿಲ್ಲ. ಮುದ್ದನಿಗೆ ಬೇಜಾರಾಗಲಿಲ್ಲ, ಅವನಿಗೆ ಅಭ್ಯಾಸವಿತ್ತು. ಊರಲ್ಲೂ ಹಾಗೇ ತಾನೆ? ಇವನು ಊಟ ಆಯ್ತಾ ಅಂದರೆ ಜನ ನಕ್ಕು ಮುಂದೆ ಹೋಗುವರು.

ನಂಜುಂಡಿ ಅಂಗಡಿಗೆ ಬಂದ. ನಂಜುಂಡಿ ಕರೀದರಲ್ಲಿ ಏನೋ ಒತ್ತಿಕೊಟ್ಟು, "ತಗೋ, ಇವಳ್ನ ಮಾತಾಡ್ಸು" ಅಂದ.

"ಊಟ ಆಯ್ತಾ?" ಅಂದ ಮುದ್ದ.

ಫೋನೊಳಗಿಂದ ಒಬ್ಬ ಹೆಂಗಸು ತಣ್ಣಗೆ ಅಂದಳು: "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ."

ಮುದ್ದ ಆ ಕಡೆ ನೋಡಿದ, ಈ ಕಡೆ ನೋಡಿದ. ಅವನನ್ನು ಕ್ಷಮಿಸಿ ಅಂತ ಹುಟ್ಟಿದಾಗಿನಿಂದ ಯಾರೂ ಅಂದಿರಲಿಲ್ಲ.

"ಪರ್ವಾಗಿಲ್ಲ ಬುಡವ್ವ," ಅಂದ. "ನಂಗೂ ಏನೂ ಅರ್ಥ ಆಗಲ್ಲ."

"ಕ್ಷಮಿಸಿ, ಇನ್ನೊಮ್ಮೆ ಹೇಳುವಿರಾ?"

ಇನ್ನೊಮ್ಮೆ ಹೇಳಿದ. ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತು ಎಲ್ಲಾ ಹೇಳಿದ. ಅವ್ವ ಬಯ್ಯೋದು ಹೇಳಿದ, ಅಪ್ಪ ಸತ್ತದ್ದು ಹೇಳಿದ, ಕೊಟ್ಟಿಗೇಲಿ ಈಗ ಬರೀ ಸೌದೆ ಇದೆ ಅಂತ ಹೇಳಿದ. ಅವಳು ಪ್ರತಿ ಸಲವೂ ಕ್ಷಮಿಸಿ ಅಂದಳು. ನಂಜುಂಡಿ ಬಂದು ಕೈಯಿಂದ ಕಿತ್ತುಕೊಳ್ಳುವ ತನಕ ಹೇಳಿದ.

"ಕರೀದೇ ತಗೊಳನ ಕಣವ್ವ," ಅಂದ ಮನೆಗೆ ಬಂದು. "ಬೋ ಮರ್ಯಾದಸ್ತೆ. ನೀಲೀದು ಉಸಿರು ಬಿಡ್ಲಿಲ್ಲ."

"ಅದರ ಬ್ಯಾಟರಿ ನಿಲ್ಲಲ್ಲ ಅಂತ ಆ ಅಂಗಡಿಯವ್ಳು ಅಂದ್ಳು ಅಂದಿದ್ಯಲ್ಲೋ?"

"ನೀಲೀದು ನಿಲ್ತದೆ. ಆದ್ರೆ ಸುಮ್ನೆ ನಿಲ್ತದೆ."

ಕೆಂಪಾಜಮ್ಮ ಮೊರದಲ್ಲಿ ಕೈ ಆಡಿಸುತ್ತ ಲೆಕ್ಕ ಹಾಕಿದಳು. ಚೆಂದಾಗಿ ಕಾಣೋದೋ, ಜಾಸ್ತಿ ಹೊತ್ತು ಕಾಣೋದೋ? ಒಂದೇ ಗಳಿಗೆ ಕಂಡರೂ ರೆಪ್ಪೆ ಕೂದಲು ಕಾಣಬೇಕು ಅನ್ನಿಸಿತು. ಅದೂ ಅಲ್ಲದೆ, ಸುಮ್ಮನಿರುವವರು ಆ ಮನೆಯಲ್ಲಿ ಸಾಕಷ್ಟಿದ್ದರು.

"ಆಯ್ತು, ಕರೀದೇ ತಗೋ. ಮತ್ತೆ ಯಾಪಾರ ಮುಗಿಸ್ಕೊಂಡೇ ಬರಬಾರ್ದಾಗಿತ್ತಾ, ದಂಡಪಿಂಡ? ನಿಮ್ಮಪ್ಪ ಬಾಯಲ್ಲಿ ರೇಟು ಹೇಳೋನಲ್ಲ. ಟವಲ್ ಕೆಳಗೆ ಕೈ ಹಿಡ್ದು ಬೆರಳು ಅಮುಕೋನು. ಮುಗಿಯೋ ತಂಕ ತುಟಿ ಬಿಚ್ಚೋನಲ್ಲ. ಇನ್ನೊಂದು, ಮಾರೋರ ಮನೆ ಹಗ್ಗ ನಮ್ಮನೆಗೆ ತರೋನಲ್ಲ. ಹಗ್ಗ ಅವರಿಗೇ ಬಿಟ್ಟು, ನಮ್ಮ ಹಗ್ಗ ಹಾಕ್ಕೊಂಡು ಬರೋನು. ಹಂಗೆ ಕಲ್ತ್ಕೋ!"

"ಆಯ್ತು ಕಣವ್ವ, ಹಂಗೇ ಮಾಡ್ತೀನಿ."

ಹೆಗಲಿಗೆ ಅಪ್ಪನ ಟವಲ್, ಕೈಯಲ್ಲಿ ಹೊಸ ಸೆಣಬಿನ ಹಗ್ಗ, ಸೊಂಟದ ಗಂಟಿನಲ್ಲಿ ದುಡ್ಡು, ಜೇಬಲ್ಲಿ ಗುಂಡಿ ಫೋನು. ಏರಿ ಹತ್ತಿದ, ಏರಿ ಇಳಿದ. ನಂಜುಂಡಿ ಎದುರು ಕೂತ. ಟವಲ್ ಬಿಚ್ಚಿ ನಂಜುಂಡಿ ಕೈ ಮೇಲೆ ಹೊದಿಸಿದ. ಒಳಗೆ ಕೈ ಹಾಕಿ ಅವನ ಎರಡು ಬೆರಳು ಹಿಡಿದು ಅಮುಕಿದ.

"ಏಯ್! ಏನಯ್ಯಾ ಇದು?"

ಮುದ್ದ ತುಟಿ ಬಿಚ್ಚಲಿಲ್ಲ. ನಾಲ್ಕು ಬೆರಳು ಅಮುಕಿದ.

"ಬಿಡಯ್ಯಾ ಕೈಯ! ಜನ ನೋಡ್ತಾವ್ರೆ!"

ಜನ ನೋಡುತ್ತಲೇ ಇದ್ದರು. ಆಚೆ ಕಡೆಯಿಂದ ಶಾಕಿರಾ ಕೂಗಿದಳು: "ಏನ್ ನಂಜುಂಡಣ್ಣಾ, ಧಾರೆ ಮುಹೂರ್ತವಾ? ನಮಗೆ ಲಗ್ನಪತ್ರಿಕೆ ಕೊಡ್ಲೇ ಇಲ್ಲ!"

ನಂಜುಂಡಿ ಮುಖ ಕೆಂಪಾಯಿತು. "ಐನೂರು ಇಳಿಸ್ತೀನಿ, ಬಿಡು!" ಮುದ್ದ ಅಮುಕಿದ. "ಸಾವಿರ ಇಳಿಸ್ತೀನಿ, ನಿನ್ನ ದಮ್ಮಯ್ಯ, ಕೈ ಬಿಡು ಮಾರಾಯ!"

ಬಿಟ್ಟ. ಹಾಗೆ ನೋಡಿದರೆ ಪುಟ್ಟಮಾದಪ್ಪ ಕೂಡ ಅಷ್ಟು ಬೇಗ ಅಷ್ಟು ಇಳಿಸಿದವನಲ್ಲ.

ನಂಜುಂಡಿ ಗುಂಡಿ ಫೋನಿನ ಸಿಮ್ಮು ತೆಗೆದು ಕರೀದಕ್ಕೆ ಹಾಕಿದ. "ಇದರಲ್ಲಿ ಸಾವಿರಾರು ನಂಬರ್ ಹಿಡೀತವೆ. ಹೇಳು, ಯಾರ್ಯಾರ್ದು ಹಾಕ್ಲಿ?"

"ನಮ್ಮಕ್ಕಂದು."

"ಹೂಂ. ಇನ್ನ?"

"ಅಷ್ಟೇ."

"ನೆಂಟರು? ಗೆಳೆಯರು?"

ಮುದ್ದ ಯೋಚನೆ ಮಾಡಿದ. "ನಿಂದು ಹಾಕಣ್ಣ."

ನಂಜುಂಡಿ ನಕ್ಕು ಬೇರೆ ಗಿರಾಕಿ ಕಡೆ ತಿರುಗಿದ.

ಡಬ್ಬಿಯೊಳಗೆ ಒಂದು ಬಿಳೀ ಹಗ್ಗ ಸುತ್ತಿಟ್ಟಿತ್ತು, ತುದಿಗೊಂದು ಗೂಟ. ಮಾರೋರ ಮನೆ ಹಗ್ಗ! ಮುದ್ದ ಅದನ್ನು ತೆಗೆದು ಗಾಜಿನ ಮೇಲಿಟ್ಟ. ಸೆಣಬಿನ ಹಗ್ಗವನ್ನು ಫೋನಿಗೆ ಸುತ್ತಿ ಮೂರು ಗಂಟು ಹಾಕಿದ. ನಡೆಸಿಕೊಂಡು ಬಾ ಅಂತ ಅವ್ವ ಹೇಳಿರಲಿಲ್ಲ, ಪುಣ್ಯ. ಎದೆಗೊತ್ತಿಕೊಂಡು ಬಂದ.

ಮಾರನೆಯ ಬೆಳಿಗ್ಗೆ ಫೋನು ಕಣ್ಣು ಬಿಡಲಿಲ್ಲ. ಮೈ ತಣ್ಣಗಿತ್ತು. ಹಳೇ ಫೋನಿನ ಚಾರ್ಜರ್ ಮೂಗು ಸಣ್ಣದು, ಇದಕ್ಕೆ ಹಿಡಿಯಲಿಲ್ಲ. ಬುಧವಾರ ಕಳೆದು ಗುರುವಾರ ಬಂದಿತ್ತು. ಕೆಂಪಾಜಮ್ಮ ಬಾಯಿ ಬಡಿದುಕೊಂಡಳು.

"ಚಾರ್ಜರ್ ಎಲ್ಲೋ?"

"ಅವರ ಹಗ್ಗ ಅವರಿಗೇ ಬಿಟ್ಟೆ ಕಣವ್ವ."

"ಹಗ್ಗವಲ್ಲೋ, ಮೇವು ಕಣೋ ಅದು! ನಾಳೆಗೆ ಕಿವಿ ಚುಚ್ತಾರೆ! ಒಂಬತ್ತು ತಿಂಗಳಿಂದ ಕಾದಿವ್ನಿ, ನಾಳೆ ತಪ್ಪಿದ್ರೆ ನಾ ಯಾವಾಗ್ಲಾ ನೋಡ್ಲಿ? ಓಡು! ಅಂಗಡಿಯವ್ರು ಏನು ಕೊಟ್ರೋ ಎಲ್ಲಾನೂ ತಗಬಾ! ಒಂದನ್ನೂ ಬಿಟ್ಟು ಬಂದೀಯ, ಜೋಕೆ!"

"ಆಯ್ತು ಕಣವ್ವ, ಹಂಗೇ ಮಾಡ್ತೀನಿ."

ಓಡಿದ. ಏದುಸಿರು ಬಿಡುತ್ತ ನಿಂತ. ಪಾಪ ಅನ್ನಿಸಿ ನಂಜುಂಡಿ ಕೂತುಕೋ ಅಂತ ಒಂದು ಸ್ಟೂಲು ಕೊಟ್ಟ. ಚಾರ್ಜರ್ ಕೊಟ್ಟ. ಎದುರಂಗಡಿಯಿಂದ ಶಾಕಿರಾ ಒಂದು ಲೋಟ ಟೀ ಕಳಿಸಿಕೊಟ್ಟಳು. ಊರ ಜನ ಮಧ್ಯಾಹ್ನ ಕಾಲುವೆ ಏರಿ ಮೇಲೆ ಕಂಡದ್ದೇನು? ತಲೆ ಮೇಲೆ ಸ್ಟೂಲು, ಕೊರಳಲ್ಲಿ ಚಾರ್ಜರ್, ಕೈಯಲ್ಲಿ ತುಳುಕದ ಹಾಗೆ ಹಿಡಿದ ತಣ್ಣಗಾದ ಟೀ. ಹಿಂದೆ ದೂರದಲ್ಲಿ "ಸ್ಟೂಲು! ನನ್ನ ಸ್ಟೂಲು!" ಅಂತ ನಂಜುಂಡಿ.

"ಸ್ಟೂಲ್ ಯಾಕ್ಲಾ ತಂದೆ?"

"ಕೊಟ್ರು."

"ಟೀ ಯಾಕ್ಲಾ ಕುಡೀಲಿಲ್ಲ?"

"ತಗಬಾ ಅಂದೆ."

ಕೆಂಪಾಜಮ್ಮನಿಗೆ ಬೈಯುವುದಕ್ಕೂ ಉಸಿರಿರಲಿಲ್ಲ. ಚಾರ್ಜರ್ ಸಿಕ್ಕಿಸಿದಳು. ಫೋನು ಕಣ್ಣು ಬಿಟ್ಟಿತು. ಆಮೇಲೆ ಅಂದಳು: "ನೋಡ್ಲಾ, ನಾಳೆ ಮಗೀನ ವಿಷ್ಯ. ಕಂಬ ನಿಂತಂಗೆ ನಿಂತ್ಕೋಬ್ಯಾಡ. ಮಗೀಗೆ ಹಿಂಗ್ ಮಾಡು ಅಂತ ನನ್ನ ಬಾಯಿಂದ ಬಂದದ್ದೇ ತಡ, ಮಾಡ್ಬುಡಬೇಕು. ಯಾಕೆ ಏನು ಅಂತ ಕೇಳಂಗಿಲ್ಲ."

"ಆಯ್ತು ಕಣವ್ವ, ಹಂಗೇ ಮಾಡ್ತೀನಿ."

ಶುಕ್ರವಾರ ಬೆಳಿಗ್ಗೆ ಮುದ್ದ ತಲೆಗೆ ನೀರು ಹಾಕಿಕೊಂಡು ಪಂಚೆ ಉಟ್ಟ. ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ತೊಡೆ ಮೇಲೆ ಫೋನು. ಫೋನಿಗೂ ಒಂದಿಷ್ಟು ಕುಂಕುಮ. ಕೆಂಪಾಜಮ್ಮ ಮಂಡಿ ನೋವು ಮರೆತು ಮಗ್ಗುಲಲ್ಲಿ ಕೂತಳು.

ಕರೆ ಬಂತು. ಮಂಗಳಿ ಕಂಡಳು. ಸೊರಗಿದ್ದಳು, ನಗುತ್ತಿದ್ದಳು. "ಅವ್ವಾ, ನೋಡ್ಕೋ" ಅಂದು ಪಕ್ಕಕ್ಕೆ ಸರಿದಳು.

ಮಗು ಕಂಡಿತು.

ಅದೇ ಅಗಲ ಹಣೆ. ಎತ್ತಿನ ರೇಟು ಕೇಳುವಾಗ ಪುಟ್ಟಮಾದಪ್ಪ ಹುಬ್ಬು ಗಂಟಿಕ್ಕುತ್ತಿದ್ದ ಹಾಗೇ ಗಂಟಿಕ್ಕಿಕೊಂಡು ಇವರಿಬ್ಬರನ್ನೂ ನೋಡಿತು. ರೆಪ್ಪೆ ಕೂದಲು ಕೂಡ ಕಾಣುತ್ತಿತ್ತು. ನಂಜುಂಡಿ ಸುಳ್ಳು ಹೇಳಿರಲಿಲ್ಲ. ಕೆಂಪಾಜಮ್ಮ ಬಾಯಿ ತೆರೆದಳು, ಹೆಸರು ಹಿಡಿದು ಕರೆಯೋಣ ಅಂತ. ಅಷ್ಟರಲ್ಲಿ ಅಲ್ಲಿ ಅಕ್ಕಸಾಲಿಗ ಒಂದು ಕಿವಿಗೆ ತಂತಿ ದಾಟಿಸಿದ. ಮಗು ಕಿಟಾರನೆ ಕಿರುಚಿತು.

"ಅಯ್ಯೋ ಕಂದಾ! ಎತ್ಕೊಳ್ರೋ! ಎದೆಗವುಚ್ಕೊಳ್ರೋ! ಹೊದ್ಸ್ರೋ, ಗಾಳಿ ತಾಕ್ತದೆ, ತೂಗ್ರೋ!" ಅಂತ ಕೆಂಪಾಜಮ್ಮ ರಾಯಪುರಕ್ಕೆ ಕೇಳುವ ಹಾಗೆ ಕೂಗಿದಳು.

ಮುದ್ದ ಯಾಕೆ ಅನ್ನಲಿಲ್ಲ, ಏನು ಅನ್ನಲಿಲ್ಲ. ಫೋನು ಎತ್ತಿಕೊಂಡ, ಎದೆಗವುಚಿಕೊಂಡ, ಕಂಬಳಿ ಎಳೆದು ಹೊದಿಸಿದ. ತೂಗತೊಡಗಿದ.

"ಮುದ್ದಾ! ನಿಂಗಲ್ವೋ ಹೇಳಿದ್ದು! ತೋರ್ಸೋ, ನಾನಿನ್ನೂ ಕಣ್ತುಂಬ ನೋಡಿಲ್ಲ ಕಣ್ಲಾ!"

"ಶ್! ಅಳ್ತಾ ಅದೆ ಕಣವ್ವಾ. ಹೋ... ಹೋ... ಹೋ ಮಗಾ... ಹೋ..." ಬೆದರಿದ ಎತ್ತನ್ನು ಅವನಪ್ಪ ಹಾಗೇ ಸಮಾಧಾನ ಮಾಡುತ್ತಿದ್ದ. ಇವನಿಗೆ ಗೊತ್ತಿದ್ದದ್ದು ಅದೊಂದೇ ಲಾಲಿ.

ಕಂಬಳಿಯೊಳಗಿಂದ ಮಂಗಳಿ ಕೇಳಿದಳು: "ಅವ್ವಾ, ಯಾಕೆ ಎಲ್ಲಾ ಕತ್ಲಾಗೋಯ್ತು? ಅದ್ಯಾರು ಹೋ ಹೋ ಅಂತಿರೋದು?"

"ಇನ್ಯಾರವ್ವ, ನಿನ್ನ ತಮ್ಮ," ಅಂದಳು ಕೆಂಪಾಜಮ್ಮ.

ಮಂಗಳಿ ಮಗುವಿನ ಕಡೆ ತಿರುಗಿ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು: "ಅವ್ವಾ, ಸುಮ್ಮಗಾಯ್ತು ಕಣವ್ವ. ಫೋನಿಗೆ ಕಿವಿ ಕೊಟ್ಟು ಕೇಳ್ತಾ ಅದೆ. ನಿಲ್ಲುಸ್ಬ್ಯಾಡ ಅನ್ನು ಅವನ್ಗೆ."

ಅವನು ನಿಲ್ಲಿಸಲಿಲ್ಲ. ಅಲ್ಲಿ ಇನ್ನೊಂದು ಕಿವಿಯನ್ನೂ ಚುಚ್ಚಿದರು, ಮಗು ಒಮ್ಮೆ ಕುಂಯ್ ಅಂದು ಸುಮ್ಮನಾಯಿತು. "ಮಲಗ್ತು ಕಣವ್ವ. ಇಡ್ತೀನಿ. ಎದ್ದ ಮ್ಯಾಲೆ ಮಾಡ್ತೀನಿ" ಅಂದು ಮಂಗಳಿ ಇಟ್ಟಳು.

ಕೆಂಪಾಜಮ್ಮ ಕಂಬಳಿಯ ಅಂಚು ಸರಿಸಿ ನೋಡಿದಳು. ಕಪ್ಪು ಗಾಜು. ಗಾಜಿನೊಳಗೆ ಅವಳದೇ ಮುಖ.

"ಮುಚ್ಚವ್ವಾ, ಗಾಳಿ," ಅಂದ ಮುದ್ದ.

ಅವಳು ಕೈ ಎತ್ತಿದಳು. ಇವತ್ತು ಹೊಡೆದೇ ಬಿಡುತ್ತಾಳೆ ಅಂತ ಮುದ್ದ ತಲೆ ಬಗ್ಗಿಸಿದ. ಕೈ ಕೆಳಗಿಳಿಯಿತು, ಕಂಬಳಿಯ ಮೇಲೆ ಕೂತಿತು, ತಟ್ಟತೊಡಗಿತು. ಬೈಗುಳ ಬರಲಿಲ್ಲ. ಬುದ್ಧಿಮಾತೂ ಬರಲಿಲ್ಲ. ಕೊಡು ಇಲ್ಲಿ ಅಂತ ಕಂಬಳಿಯ ಗಂಟನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಹನ್ನೊಂದರ ಬಸ್ಸು ಪೋಂ ಅಂತ ಹಾರನ್ ಹೊಡೆಯಿತು. ಮುದ್ದ ಧಿಗ್ಗನೆ ಎದ್ದ. ಪಂಚೆ ಮೇಲೆತ್ತಿಕೊಂಡು ಓಡಿದ. ರಸ್ತೆ ನಡುವೆ ಎರಡೂ ಕೈ ಅಗಲಿಸಿ ನಿಂತ. ಬಸ್ಸು ಕಿರ್ರನೆ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿದ.

"ಏಯ್! ಸಾಯಕ್ಕೆ ನನ್ನ ಬಸ್ಸೇ ಬೇಕ?"

"ಹಾರನ್ ಹೊಡೀಬ್ಯಾಡಿ ಸ್ವಾಮಿ. ಮನೇಲಿ ಮಗು ಮಲಗ್ಯದೆ. ಈಗ ತಾನೆ ಕಿವಿ ಚುಚ್ಚವ್ರೆ."

ಕಿಟಕಿಯಲ್ಲಿ ಕೂತಿದ್ದ ಊರ ಹೆಂಗಸೊಬ್ಬಳು ಕೇಳಿದಳು: "ಯಾರ ಮಗುವೋ ಮುದ್ದಾ?"

"ನಮ್ಮಕ್ಕಂದು."

"ಅಯ್ಯೋ, ಮಂಗಳಿ ಯಾವಾಗ ಬಂದ್ಲು?"

"ಬಂದಿಲ್ಲ," ಅಂದ ಮುದ್ದ.

ಬಸ್ಸಿನಲ್ಲಿ ಯಾರೋ ನಗೋದಕ್ಕೆ ಹೋಗಿ ಸುಮ್ಮನಾದರು. ಡ್ರೈವರ್ ಅವನನ್ನು ನೋಡಿದ, ತೆರೆದ ಬಾಗಿಲೊಳಗೆ ಒಂದು ಕಂಬಳಿಯನ್ನು ತೂಗುತ್ತಿದ್ದ ಮುದುಕಿಯನ್ನು ನೋಡಿದ. ಗೇರು ಹಾಕಿದ, ಮೆಲ್ಲಗೆ, ಮೆಲ್ಲಗೆ, ಊರು ದಾಟುವ ತನಕ ಹಾರನ್ ಮುಟ್ಟದೆ ಬಸ್ಸು ಬಿಟ್ಟ.